ನನ್ನ ಆಮೆಗಳಿಗೆ ಚಪ್ಪಲಿ ಇರಲಿಲ್ಲ

ಎರಡು ನಿಮಿಷ ಹನ್ನೊಂದು ಸೆಕೆಂಡ್. ಸುರಂಗದ ನಡುವೆ ಲಾರಿಗೆ ಬೆಂಕಿ ಹತ್ತಿದಾಗಿನಿಂದ ಕೊನೆಯ ಮನುಷ್ಯ ಬಾಗಿಲು ದಾಟುವವರೆಗೆ ಹಿಡಿದದ್ದು ಅಷ್ಟೇ. ಇನ್ನೂರು ಜನ ಇದ್ದರು, ಒಬ್ಬರಿಗೂ ಏನೂ ಆಗಲಿಲ್ಲ. ನನಗೆ ಖುಷಿಯೋ ಖುಷಿ. ಲ್ಯಾಪ್‌ಟಾಪ್ ತಿರುಗಿಸಿ ಅಪ್ಪನಿಗೆ ತೋರಿಸಿದೆ.

ಅಪ್ಪ ಬಸಿಗೆ ಚಹಾ ಸುರುವಿಕೊಂಡು ಕೂತಿದ್ದರು. ಪರದೆ ಮೇಲೆ ಹಸಿರು ಚುಕ್ಕಿಗಳು ಪಟಪಟ ಇಳಿದು, ಸಾಲಾಗಿ ಹತ್ತಿರದ ಬಾಗಿಲಿಗೆ ಹೋಗಿ ಮಾಯವಾದವು. ಒಮ್ಮೆ ನೋಡಿದರು. ಇನ್ನೊಮ್ಮೆ ಓಡಿಸು ಅಂದರು. ಎರಡನೇ ಸಲ ನೋಡಿ, ಚಹಾ ಹೀರಿ ಕೇಳಿದರು:

"ಇವ್ರು ಯಾ ಊರ್ ಮಂದಿ ಯವ್ವಾ?"

"ಯಾ ಊರೂ ಇಲ್ಲಪ್ಪ. ಕಂಪ್ಯೂಟರ್ ಮಂದಿ."

"ಅದಕ್ಕ ಮತ್ತ. ಒಬ್ರೂ ಚೀಲ ತಗೊಂಡಿಲ್ಲ."

ಅಪ್ಪ ಮೂವತ್ತೊಂದು ವರ್ಷ ಬಸ್ ಓಡಿಸಿದವರು. ಜಾಸ್ತಿ ಓಡಿಸಿದ್ದು ಕಲಬುರಗಿ, ಹುಮನಾಬಾದ್, ಬೀದರ್ ದಾರಿಯಲ್ಲಿ. ನಾನು ಇಲ್ಲೇ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸುರಂಗದಲ್ಲಿ ಬೆಂಕಿ ಬಿದ್ದರೆ ಜನ ಹೇಗೆ ಹೊರಗೆ ಬರುತ್ತಾರೆ ಅಂತ ಕಂಪ್ಯೂಟರಿನಲ್ಲಿ ಆಡಿಸಿ ನೋಡುವುದು ಕೊನೇ ವರ್ಷದ ಮೂರು ಹುಡುಗರ ಪ್ರಾಜೆಕ್ಟ್ ಆಗಿತ್ತು. ಅವರು ಮಾರ್ಕ್ಸ್ ತಗೊಂಡು ಬೆಂಗಳೂರಿಗೆ ಹೋದರು. ನಾನು ಇನ್ನೂ ಅದೇ ಸುರಂಗದಲ್ಲಿ ಇದ್ದೇನೆ.

ನಿಮ್ಮ ಕಡೆ ರಸ್ತೆ ಸುರಂಗ ಎಲ್ಲಿದೆ ಅಂತ ಗೆಳತಿಯರು ನಗುತ್ತಾರೆ. ಇಲ್ಲ, ನಿಜ. ಕಪ್ಪು ಮಣ್ಣು, ತೊಗರಿ ಹೊಲ, ಸಪಾಟು ನೆಲ. ಸುರಂಗ ಯಾಕೆ ಬೇಕು ನಮಗೆ? ಆದರೆ ಬೀದರ್‌ಗೆ ಹೋಗುವ ರೈಲು ದಾರಿಯಲ್ಲಿ ಮರಗುತ್ತಿ ಹತ್ತಿರ ಒಂದು ಸುರಂಗ ಇದೆ. ಉದ್ದ ಒಂದೂವರೆ ಕಿಲೋಮೀಟರಿಗೂ ಜಾಸ್ತಿ. 2017ರ ಅಕ್ಟೋಬರ್ 29ಕ್ಕೆ ಆ ರೈಲು ದಾರಿ ಶುರುವಾದಾಗ ನಮ್ಮ ಕಡೆ ಅದೊಂದು ಹಬ್ಬ. ಹೋದ ವರ್ಷ ಮಗನನ್ನು ಕರೆದುಕೊಂಡು ಹೋಗಿದ್ದೆ. ಗಾಡಿ ಸುರಂಗ ಹೊಕ್ಕ ಕೂಡಲೇ ಡಬ್ಬಿಯ ಮಕ್ಕಳೆಲ್ಲ ಹೋ ಅಂತ ಕೂಗಿದರು. ಎದುರಿಗೆ ಕೂತ ಮುದುಕರು ಕತ್ತಲಲ್ಲೂ ಶೇಂಗಾ ಸುಲಿಯೋದು ಬಿಡಲಿಲ್ಲ. ಮಗ ಮಾತ್ರ ಕೂಗದೆ ನನ್ನ ಸೆರಗು ಹಿಡಿದು ಕೇಳಿದ: "ಅವ್ವಾ, ಇಲ್ಲೇ ಗಾಡಿ ನಿಂತ್ರ ಎಲ್ಲಿಂದ ಇಳೀಬೇಕು?"

ಉತ್ತರ ನನಗೆ ಗೊತ್ತಿರಲಿಲ್ಲ. ಗೋಡೆ ಕಡೆ ನೋಡಿದೆ, ಕಿಟಕಿಯಲ್ಲಿ ನನ್ನ ಮುಖವೇ ಕಾಣಿಸಿತು.

ರೈಲಿನಲ್ಲಿ ಕೊನೆಪಕ್ಷ ಗಾರ್ಡ್, ಟಿಸಿ ಅಂತ ಯಾರಾದರೂ ಇರುತ್ತಾರೆ. ರಸ್ತೆ ಸುರಂಗದಲ್ಲಿ ಅದೂ ಇಲ್ಲ. ಒಂದೊಂದು ಗಾಡಿಯೂ ಒಂದೊಂದು ಮನೆ ಇದ್ದ ಹಾಗೆ. ಬಾಗಿಲು ಹಾಕಿಕೊಂಡು, ಎಸಿ ಹಾಕಿಕೊಂಡು, ಹಾಡು ಹಚ್ಚಿಕೊಂಡು ಕೂತಿರುತ್ತಾರೆ. ಅವರನ್ನು ಹೊರಗೆ ಕರೆಯುವವರು ಯಾರು?

ಇದನ್ನು ಜಗತ್ತು ಕಲಿತದ್ದು ತುಂಬಾ ಕೆಟ್ಟ ರೀತಿಯಲ್ಲಿ. 1999ರ ಮಾರ್ಚ್ 24ರಂದು ಫ್ರಾನ್ಸ್ ಮತ್ತು ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ ಒಂದು ಲಾರಿಗೆ ಬೆಂಕಿ ಹತ್ತಿತು. ಸುರಂಗದ ಉದ್ದ 11.6 ಕಿಲೋಮೀಟರ್. ಲಾರಿಯಲ್ಲಿ ಇದ್ದದ್ದು ಪೆಟ್ರೋಲ್ ಅಲ್ಲ, ಗ್ಯಾಸ್ ಅಲ್ಲ. ಹಿಟ್ಟು ಮತ್ತು ಮಾರ್ಗರೀನ್. ಅಂದರೆ ಬೇಕರಿ ಸಾಮಾನು! ಬೆಂಕಿ ಎರಡು ದಿನ ದಾಟಿ, 53 ಗಂಟೆ ಉರಿಯಿತು. 39 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸಿಕ್ಕಿದ್ದು ತಮ್ಮ ತಮ್ಮ ಗಾಡಿಯೊಳಗೇ. ಎರಡು ತಿಂಗಳಾಗಿತ್ತೋ ಇಲ್ಲವೋ, ಮೇ 29ಕ್ಕೆ ಆಸ್ಟ್ರಿಯಾದ ಟೌರ್ನ್ ಸುರಂಗದಲ್ಲಿ 12 ಜನ. 2001ರ ಅಕ್ಟೋಬರ್ 24ಕ್ಕೆ ಸ್ವಿಟ್ಜರ್ಲೆಂಡಿನ ಗೊಟ್‌ಹಾರ್ಡ್‌ನಲ್ಲಿ 11 ಜನ. ಗೊಟ್‌ಹಾರ್ಡ್‌ನಲ್ಲಿ ಪಕ್ಕದಲ್ಲೇ ಪಾರಾಗುವ ದಾರಿ ಇತ್ತು, ಅದನ್ನು ಹಿಡಿದು ಉಳಿದವರೂ ಇದ್ದಾರೆ. ಆದರೂ ಹನ್ನೊಂದು.

ಇದಾದ ಮೇಲೆ 2004ರಲ್ಲಿ ಯುರೋಪಿನವರು ಕಾನೂನು ಮಾಡಿದರು. ತುರ್ತು ಬಾಗಿಲು ಇರಬೇಕಾದ ಸುರಂಗದಲ್ಲಿ ಒಂದು ಬಾಗಿಲಿಗೂ ಇನ್ನೊಂದಕ್ಕೂ 500 ಮೀಟರಿಗಿಂತ ಜಾಸ್ತಿ ದೂರ ಇರಬಾರದು. ನಮ್ಮ ದೇಶದಲ್ಲಿ ಜಮ್ಮು ಕಡೆಯ ಚೆನಾನಿ–ನಾಶ್ರಿ ಸುರಂಗ ಇದಕ್ಕಿಂತ ವಾಸಿ. 9 ಕಿಲೋಮೀಟರ್ ದಾಟಿದ ಸುರಂಗ, ಪಕ್ಕದಲ್ಲೇ ಇನ್ನೊಂದು ಸಣ್ಣ ಸುರಂಗ, ಎರಡರ ನಡುವೆ 300 ಮೀಟರಿಗೊಂದು ಅಡ್ಡದಾರಿ.

ನನ್ನ ಮಾಡೆಲ್‌ಗೂ ಆ 300 ಮೀಟರನ್ನೇ ಇಟ್ಟುಕೊಂಡೆ. ಲೆಕ್ಕ ಸುಲಭ. ನೀವು ಎಲ್ಲೇ ಸಿಕ್ಕಿಹಾಕಿಕೊಂಡರೂ ಒಂದು ಬಾಗಿಲು 150 ಮೀಟರ್ ಒಳಗೇ ಇರುತ್ತದೆ. ಸೆಕೆಂಡಿಗೆ 1.2 ಮೀಟರ್ ನಡೆದರೆ 125 ಸೆಕೆಂಡ್. ಅದಕ್ಕೇ ನನ್ನ ಇನ್ನೂರು ಜನ ಎರಡು ನಿಮಿಷ ಚಿಲ್ಲರೆಗೆ ಪಾರಾಗಿದ್ದು. ಹೊಗೆ ದಟ್ಟವಾಗಿ ಕಣ್ಣು ಉರಿಯತೊಡಗಿದರೆ ಜನ ತಡಕಾಡುತ್ತಾ ನಡೆಯುತ್ತಾರೆ, ವೇಗ ಸೆಕೆಂಡಿಗೆ 0.3 ಮೀಟರಿಗೂ ಇಳಿಯಬಹುದು. ಅದೇ 150 ಮೀಟರಿಗೆ ಆಗ ಎಂಟು ನಿಮಿಷ ಬೇಕು. ಹಾಗಾಗಿ ಹೊಗೆ ಬರುವ ಮುಂಚೆ ನಡೆಯತೊಡಗಿದವರು ಗೆದ್ದರು. ತಡ ಮಾಡಿದವರಿಗೆ ಅದೇ ದಾರಿ ನಾಲ್ಕು ಪಟ್ಟು ಉದ್ದ.

ನಾನು ಬಳಸಿದ್ದು ನೆಟ್‌ಲೋಗೋ, ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಅದರಲ್ಲಿ ಓಡಾಡುವ ಪ್ರತಿ ಚುಕ್ಕಿಗೂ ಟರ್ಟಲ್ ಅಂತ ಹೆಸರು, ಅಂದರೆ ಆಮೆ. ಒಂದೊಂದು ಆಮೆಗೂ ನಾವು ನಿಯಮ ಹೇಳಿಕೊಡಬೇಕು. ಹೊಗೆ ಕಂಡರೆ ಇಳಿ, ಹತ್ತಿರದ ಬಾಗಿಲು ಹುಡುಕು, ಮುಂದೆ ಯಾರಾದರೂ ಇದ್ದರೆ ನಿಧಾನ ಮಾಡು. ಇಷ್ಟೇ ಹೇಳಿದ್ದೆ ನಾನು. ನನ್ನ ಆಮೆಗಳು ಶಿಸ್ತಿನ ಸಿಪಾಯಿಗಳು.

ಅಪ್ಪನಿಗೆ ಅದೇ ಹಿಡಿಸಲಿಲ್ಲ. ಆವತ್ತು ಹಳೆಯ ಕತೆ ಒಂದು ಹೇಳಿದರು. ನನಗೂ ಅದು ಹೊಸದು.

ಯಾವುದೋ ಬೇಸಿಗೆ ಮಧ್ಯಾಹ್ನ. ಬಸ್ ತುಂಬಿ ನಿಂತವರೂ ಇದ್ದರು. ಗೇರ್ ಹತ್ತಿರದಿಂದ ಹೊಗೆ ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಕೆಮ್ಮು ಬರುವಷ್ಟು. ಅಪ್ಪ ಬಸ್ಸನ್ನು ಬದಿಗೆ ಹಚ್ಚಿ ಇಂಜಿನ್ ಬಂದ್ ಮಾಡಿದರು. ತಾವು ಸೀಟಿನಲ್ಲೇ ಕೂತು ಬಗ್ಗಿ ನೋಡತೊಡಗಿದರು, ಎಲ್ಲಿಂದ ಬರ್ತಿದೆ ಅಂತ. "ಇಳೀರಿ" ಅಂದರಂತೆ. ಯಾರೂ ಏಳಲಿಲ್ಲ. ಹೊಗೆ ಎಲ್ಲರಿಗೂ ಕಾಣುತ್ತಿತ್ತು. ಹೆಂಗಸರು ಸೆರಗು ಮೂಗಿಗೆ ಹಿಡಿದರು, ಗಂಡಸರು ಕಿಟಕಿ ಸರಿಸಿದರು. ಮುಂದಿನ ಸೀಟಿನವರು ಅಪ್ಪನ ಮುಖ ನೋಡಿದರು. ಹಿಂದಿನವರು ಮುಂದಿನವರ ಬೆನ್ನು ನೋಡಿದರು.

"ನಾ ಬಾಗಿಲಾ ತಗದು ಕೆಳಗ ಜಿಗದೆ ನೋಡು, ಆವಾಗ ಎದ್ರು. ಎಲ್ಲಾರೂ ಒಮ್ಮಿಗೇ."

ಅದರಲ್ಲೂ ಒಬ್ಬರು ಕಂಡಕ್ಟರ್ ಎದುರು ನಿಂತುಬಿಟ್ಟರಂತೆ. ಅವರ ಟಿಕೆಟ್ ಹಿಂದೆ ಏಳು ರೂಪಾಯಿ ಬಾಕಿ ಬರೆದಿತ್ತು. ಚಿಲ್ಲರೆ ಕೊಟ್ಟರೆ ಮಾತ್ರ ಇಳಿಯುತ್ತೇನೆ ಅಂದರು. ಹೊಗೆಯಲ್ಲಿ ಕೆಮ್ಮುತ್ತಾ ಕಂಡಕ್ಟರ್ ಚೀಲ ತಡಕಾಡಿ ಏಳು ರೂಪಾಯಿ ಎಣಿಸಿಕೊಟ್ಟ ಮೇಲೇ ಅವರು ಇಳಿದದ್ದು. ಪುಣ್ಯಕ್ಕೆ ಅದು ಬೆಂಕಿ ಆಗಲಿಲ್ಲ.

ಅಪ್ಪ ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಇದೇ ಕತೆಯನ್ನು ಪುಸ್ತಕದಲ್ಲಿ ಓದಿದ್ದೆ. 1968ರಲ್ಲಿ ಅಮೆರಿಕದಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಒಂದು ಪ್ರಯೋಗ ಮಾಡಿದ್ದರು. ಹುಡುಗರನ್ನು ಕೋಣೆಯಲ್ಲಿ ಕೂರಿಸಿ ಫಾರ್ಮ್ ತುಂಬಲು ಕೊಟ್ಟು, ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರರಲ್ಲಿ 75 ಜನ ಎದ್ದು ಹೋಗಿ ಹೇಳಿದರು. ಜೊತೆಗೆ ಇಬ್ಬರು, ಮೊದಲೇ ಹೇಳಿಕೊಟ್ಟಂತೆ ಏನೂ ಆಗದವರ ಹಾಗೆ ಬರೆಯುತ್ತಾ ಕೂತಾಗ? ಹತ್ತೇ ಜನ. ಉಳಿದವರು ಹೊಗೆಯನ್ನು ಕೈಯಿಂದ ಆಚೆ ತಳ್ಳುತ್ತಾ ಫಾರ್ಮ್ ತುಂಬಿದರು. ಪ್ರತಿಯೊಬ್ಬರೂ ಪಕ್ಕದವರು ಏನು ಮಾಡ್ತಾರೆ ಅಂತ ನೋಡುತ್ತಿರುತ್ತಾರೆ. ಪಕ್ಕದವರೂ ಅದನ್ನೇ ಮಾಡುತ್ತಿರುತ್ತಾರೆ.

ಇಲ್ಲಿ ಒಂದು ಜಗಳ ಮಾಡಲೇಬೇಕು. ಬೆಂಕಿ ಅಂದ ಕೂಡಲೇ ಟಿವಿಯವರು ಜನ ದಿಕ್ಕಾಪಾಲಾಗಿ ಓಡಿದರು, ನೂಕುನುಗ್ಗಲು ಅಂತ ಶುರು ಮಾಡುತ್ತಾರೆ. ಕಂಪ್ಯೂಟರ್ ಕಡೆಯವರಿಗೂ ಅದೇ ಹುಚ್ಚು ಇತ್ತು. 2000ದಲ್ಲಿ ಡಿರ್ಕ್ ಹೆಲ್ಬಿಂಗ್ ಮತ್ತು ಗೆಳೆಯರು ಮಾಡಿದ ಮಾಡೆಲ್ ಬಹಳ ಹೆಸರಾಯಿತು. ಎಲ್ಲರೂ ಅವಸರ ಮಾಡಿದಷ್ಟೂ ಬಾಗಿಲಲ್ಲಿ ಸಿಕ್ಕಿಕೊಂಡು ತಡವಾಗುತ್ತದೆ ಅಂತ ಅದು ತೋರಿಸಿತು. ಚೆಂದದ ಕೆಲಸ, ಜಾತ್ರೆಗೆ ಸರಿಯಾದದ್ದು. ಶರಣಬಸವೇಶ್ವರರ ತೇರಿನ ದಿನ ಗುಡಿಯ ಮುಂದೆ ನಿಂತವರಿಗೆ ಅದು ಲೆಕ್ಕ ಇಲ್ಲದೆಯೇ ಗೊತ್ತು. ಆದರೆ ಸುರಂಗದ ತೊಂದರೆ ಇದರ ಉಲ್ಟಾ. ಅಲ್ಲಿ ಜನ ಓಡೋದಿಲ್ಲ, ಕೂತಿರುತ್ತಾರೆ. ನೆದರ್‌ಲ್ಯಾಂಡ್ಸ್‌ನ ಬೆನೆಲಕ್ಸ್ ಸುರಂಗದಲ್ಲಿ ನಿಜವಾದ ಚಾಲಕರನ್ನಿಟ್ಟು ಪರೀಕ್ಷೆ ಮಾಡಿದಾಗಲೂ ಹಾಗೇ ಆಯಿತು. ಮುಂದಿನ ಲಾರಿಯಿಂದ ಹೊಗೆ ಬರುವುದು ಕಾಣುತ್ತಿದ್ದರೂ, ಮೈಕಿನಲ್ಲಿ ಇಳಿಯಿರಿ ಅಂತ ಕೂಗುವ ತನಕ ಹೆಚ್ಚಿನವರು ಕಾರಲ್ಲೇ ಇದ್ದರು.

ಅವರನ್ನು ದಡ್ಡರು ಅನ್ನಬೇಡಿ. ನಾನೂ ಕೂತಿರುತ್ತಿದ್ದೆ. ಹೊರಗೆ ಹೊಗೆ, ಒಳಗೆ ನಮ್ಮದೇ ಸೀಟು. ಕಾರು ಕಳಕೊಳ್ಳೋದಕ್ಕೆ ಯಾರು ತಯಾರಿರುತ್ತಾರೆ, ಅಲ್ವಾ? ಇಎಂಐ ಬೇರೆ ಬಾಕಿ.

ಇದನ್ನು ಮನೆಯವರ ಮೇಲೇ ಪ್ರಯೋಗ ಮಾಡಿದೆ. ಮಾಡಬಾರದಿತ್ತು.

ಬಸವಕಲ್ಯಾಣಕ್ಕೆ ಮದುವೆಗೆ ಹೊರಟಿದ್ದೆವು. ಒಂದು ಕ್ರೂಸರ್, ಹದಿಮೂರು ದೊಡ್ಡವರು, ನಾಲ್ಕು ಮಕ್ಕಳು. ಲೆಕ್ಕ ಕೇಳಬೇಡಿ, ನಮ್ಮ ಕಡೆ ಕ್ರೂಸರ್ ಹಿಡಿಯುವುದೇ ಅಷ್ಟು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಳ್ಳಲು ನಿಲ್ಲಿಸಿದ್ದರು. ಇಂಜಿನ್ ಬಂದ್, ಹಗಲು ಬೆಳಕು, ಗಾಡಿ ನೆರಳಲ್ಲಿ. ನಾನು ಇಳಿದು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ ಕೂಗಿದೆ: "ಹೊಗಿ ಬರ್ಲಾಕತ್ತದ! ಎಲ್ಲಾರೂ ಜಲ್ದಿ ಇಳೀರಿ!"

ಮೊದಲ ಹತ್ತು ಸೆಕೆಂಡ್ ಎಲ್ಲರೂ ಮೂಗು ಎಳೆದು ವಾಸನೆ ನೋಡಿದರು. "ಎಲ್ಲದ ಹೊಗಿ?" ಅಂದರು ಕಾಕಾ, ಮತ್ತು ಡ್ರೈವರ್ ಕಡೆ ನೋಡಿದರು. ಡ್ರೈವರ್ ಬಾಳೆಹಣ್ಣು ತಿನ್ನುತ್ತಾ ನಿಂತಿದ್ದ, ಆರಾಮಾಗಿ. ಕಾಕಾನೂ ಆರಾಮಾದರು. ನಾನು ಮತ್ತೆ ಕೂಗಿದ ಮೇಲೆ ವೈನಿ ಬಗ್ಗಿದಳು. ಇಳಿಯೋದಕ್ಕಲ್ಲ, ಚಪ್ಪಲಿ ಹುಡುಕೋದಕ್ಕೆ. ಸೀಟಿನ ಕೆಳಗೆ ಹದಿನೇಳು ಜೊತೆ ಚಪ್ಪಲಿ ಕಲಸಿ ಹೋಗಿದ್ದವು. "ನನ್ನ ಎಡಗಾಲಿಂದು ಸಿಗವಲ್ದು" ಅಂತ ಒಬ್ಬರು, "ಅದು ನಂದು, ಬಿಡು" ಅಂತ ಇನ್ನೊಬ್ಬರು. ಬಾಗಿಲ ಹತ್ತಿರ ಕೂತ ಅತ್ತಿ, ಹಿಂದೆ ಕೂತ ಆಯಿ ಮುಂದೆ ಬರಲಿ ಅಂತ ದಾರಿ ಬಿಟ್ಟು ಕಾಯುತ್ತಿದ್ದರು. ಆಯಿ, ಬಾಗಿಲ ಹತ್ತಿರದವರು ಇಳಿಯಲಿ ಅಂತ ಕೂತಿದ್ದರು. ರೊಟ್ಟಿ ಬುತ್ತಿ ಕೈಯಿಂದ ಕೈಗೆ ದಾಟಿತು. ಎಲ್ಲರಿಗಿಂತ ಮೊದಲು ಜಿಗಿದವನು ನನ್ನ ಮಗ. ಇಳಿದವನು ಏನೋ ನೆನಪಾಗಿ ಮತ್ತೆ ಒಳಗೆ ಹತ್ತಿದ. ಅವನ ಕನ್ನಡಕ ಆಯಿ ಹತ್ತಿರ ಇತ್ತಂತೆ.

ಆಯಿಯ ಕಾಲು ನೆಲಕ್ಕೆ ತಾಗಿದಾಗ ಎರಡು ನಿಮಿಷ ಐವತ್ತು ಸೆಕೆಂಡ್.

ಅಂದರೆ ನನ್ನ ಇನ್ನೂರು ಆಮೆಗಳು ಇಳಿದು, ನಡೆದು, ಬಾಗಿಲು ದಾಟಿ ಮನೆ ಸೇರುವ ಹೊತ್ತಿಗೆ ನಮ್ಮ ಮನೆಯವರು ಇನ್ನೂ ಗಾಡಿಯಲ್ಲೇ ಇರುತ್ತಿದ್ದರು. ಬಸವಕಲ್ಯಾಣ ಮುಟ್ಟುವ ತನಕ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಆದರೆ ತಲೆಯಲ್ಲಿ ಹೊಸ ಮಾಡೆಲ್ ತಯಾರಾಗಿತ್ತು.

ದೊಡ್ಡವರು ಬಳಸುವ ಸಾಫ್ಟ್‌ವೇರ್‌ಗಳು ಬೇರೆ ಇವೆ. ಗ್ರೀನಿಚ್ ವಿಶ್ವವಿದ್ಯಾಲಯದ ಎಕ್ಸೋಡಸ್, ಫಿನ್‌ಲ್ಯಾಂಡಿನ ವಿಟಿಟಿ ಸಂಸ್ಥೆಯವರ ಎಫ್‌ಡಿಎಸ್ ಪ್ಲಸ್ ಇವ್ಯಾಕ್. ಹೊಗೆ ಎಲ್ಲಿ ಎಷ್ಟಿದೆ, ಅದನ್ನು ಕುಡಿದವರ ವೇಗ ಎಷ್ಟು ಇಳಿಯುತ್ತದೆ, ಯಾರು ಎಲ್ಲಿ ಕುಸಿಯುತ್ತಾರೆ, ಎಲ್ಲ ಲೆಕ್ಕ ಹಾಕುತ್ತವೆ. ಆದರೆ ಏಳೋದಕ್ಕೆ ಎಷ್ಟು ಹೊತ್ತು ಅನ್ನುವ ಖಾಲಿ ಜಾಗವನ್ನು ಸಾಮಾನ್ಯವಾಗಿ ತುಂಬುವವರು ನಾವೇ. ಅಲ್ಲಿ ಮೂವತ್ತು ಸೆಕೆಂಡ್ ಅಂತ ಬರೆದರೆ ಸುರಂಗ ಪಾಸ್. ಐದು ನಿಮಿಷ ಅಂತ ಬರೆದರೆ ಫೇಲ್. ಅಷ್ಟು ದೊಡ್ಡ ಲೆಕ್ಕ ನಿಂತಿರುವುದು ನಮ್ಮ ವೈನಿಯ ಎಡಗಾಲ ಚಪ್ಪಲಿ ಮೇಲೆ.

ಹಾಗಾಗಿ ಆಮೆಗಳಿಗೆ ಸಂಬಂಧಿಕರನ್ನು ಕೊಟ್ಟೆ. ಒಂದೊಂದು ಗಾಡಿಗೆ ಒಂದು ಕುಟುಂಬ, ಎಲ್ಲರೂ ಇಳಿಯುವ ತನಕ ಯಾರೂ ಹೊರಡುವಂತಿಲ್ಲ, ಹೊರಟ ಮೇಲೆ ಎಲ್ಲರಿಗೂ ಆಯಿಯದೇ ವೇಗ. ಇದು ನನ್ನ ಕಲ್ಪನೆ ಅಲ್ಲ. 1973ರಲ್ಲಿ ಐಲ್ ಆಫ್ ಮ್ಯಾನ್‌ನ ಸಮ್ಮರ್‌ಲ್ಯಾಂಡ್ ಅನ್ನುವ ಮನರಂಜನಾ ಕಟ್ಟಡಕ್ಕೆ ಬೆಂಕಿ ಬಿದ್ದು 50 ಜನ ಸತ್ತಿದ್ದರು. ಆ ಬೆಂಕಿಯಿಂದ ಉಳಿದವರ ಮಾತುಗಳನ್ನು ಜೊನಾಥನ್ ಸೈಮ್ ಎಂಬ ಸಂಶೋಧಕರು ನೋಡಿದರು. ತಂದೆ ತಾಯಿ ಬಾಗಿಲ ಕಡೆಗಲ್ಲ, ಮಕ್ಕಳ ಕಡೆಗೆ ಹೋಗಿದ್ದರು. ಮನುಷ್ಯ ಹತ್ತಿರದ ಬಾಗಿಲಿಗಿಂತ ತನ್ನವರ ಕಡೆಗೆ, ತಾನು ಬಂದ ದಾರಿಯ ಕಡೆಗೆ ಹೋಗುತ್ತಾನೆ ಅಂತ ಅವರು ಹೇಳಿದರು. ಅದಕ್ಕೇ ನನ್ನ ಆಮೆಗಳೂ ಈಗ ಮೂವತ್ತು ಮೀಟರ್ ದೂರದ ತುರ್ತು ಬಾಗಿಲು ಬಿಟ್ಟು, ಒಳಗೆ ಬಂದ ಬಾಯಿ ಕಡೆಗೇ ನಡೆಯುತ್ತವೆ. ಆ ಬಾಗಿಲು ಇದೆ ಅಂತ ಅವಕ್ಕೆ ಗೊತ್ತೇ ಇಲ್ಲ.

ನಮಗೆ ಗೊತ್ತಾ? ನನ್ನ ಚಿಕ್ಕ ತಮ್ಮ ಬೈಕಿನಲ್ಲಿ ಹಿಮಾಚಲಕ್ಕೆ ಹೋಗಿ 9.02 ಕಿಲೋಮೀಟರಿನ ಅಟಲ್ ಸುರಂಗ ದಾಟಿ ಬಂದವನು. ಅಲ್ಲಿ 150 ಮೀಟರಿಗೊಂದು ಟೆಲಿಫೋನ್ ಇದೆ, 60 ಮೀಟರಿಗೊಂದು ಬೆಂಕಿ ಆರಿಸುವ ನೀರಿನ ವ್ಯವಸ್ಥೆ, 25 ಮೀಟರಿಗೊಂದು ದಾರಿ ತೋರಿಸುವ ದೀಪ. ಪಾರಾಗುವ ಸುರಂಗ ಇರುವುದು ರಸ್ತೆಯ ಕೆಳಗೇ. "ಹೌದಾ ಅಕ್ಕಾ? ನಾ ರೀಲ್ ಮಾಡ್ಲಾಕತ್ತಿದ್ದೆ" ಅಂದ.

ಅಪ್ಪನಿಗೆ ಇನ್ನೊಂದು ನಿಯಮ ಹೇಳಿದಾಗ ಸಿಟ್ಟೇ ಬಂತು. ಸುರಂಗದಲ್ಲಿ ಬೆಂಕಿ ಬಿದ್ದರೆ ಇಂಜಿನ್ ಬಂದ್ ಮಾಡಿ, ಕೀಲಿ ಗಾಡಿಯಲ್ಲೇ ಬಿಟ್ಟು ನಡೀಬೇಕು. ಅಗ್ನಿಶಾಮಕದವರು ಬಂದರೆ ಗಾಡಿ ಸರಿಸಲು ಬೇಕಾಗುತ್ತದೆ.

"ಕೀಲಿ ಬಿಟ್ಟು ಇಳಿಯೂದಾ? ನಾಳಿ ಡಿಪೋದಾಗ ಯಾರ್ ಉತ್ರಾ ಕೊಡ್ಬೇಕು?"

ಮೂವತ್ತೊಂದು ವರ್ಷ ಕೀಲಿ ಜೇಬಿನಲ್ಲಿ ಇಟ್ಟುಕೊಂಡ ಮನುಷ್ಯ. ಪುಸ್ತಕದ ಒಂದು ಸಾಲು ಅದನ್ನು ಹೇಗೆ ಬಿಡಿಸುತ್ತೆ?

ಹೊಸ ಮಾಡೆಲ್ ಓಡಿಸಿದಾಗ ಒಂಬತ್ತು ನಿಮಿಷ ಆದರೂ ಸುರಂಗ ಖಾಲಿ ಆಗಿರಲಿಲ್ಲ. ಇದು ಆಟಿಕೆ ಮಾಡೆಲ್, ಇದರ ಅಂಕಿ ಹಿಡಿದು ಯಾರೂ ಸುರಂಗ ಕಟ್ಟಬೇಡಿ. ಆದರೂ ಒಂದು ವಿಷಯ ನೋಡಿ ನಾನೇ ಬೆಚ್ಚಿದೆ. ಬಾಗಿಲುಗಳನ್ನು ಎರಡು ಪಟ್ಟು ಮಾಡಿದೆ, 150 ಮೀಟರಿಗೊಂದು. ಉಳಿತಾಯವಾದದ್ದು ಸುಮಾರು ಒಂದು ನಿಮಿಷ. ಬಾಗಿಲು ಹಾಗೇ ಬಿಟ್ಟು, ಎರಡು ಬಸ್ಸುಗಳ ಡ್ರೈವರ್‌ಗಳನ್ನು ಮಾತ್ರ ಮೊದಲ ಅರ್ಧ ನಿಮಿಷದಲ್ಲಿ ಕೆಳಗಿಳಿಸಿದೆ. ಮೂರು ನಿಮಿಷ ಉಳಿಯಿತು! ಬಸ್ಸಿನವರು ಇಳಿದದ್ದು ನೋಡಿ ಕಾರಿನವರು ಇಳಿದರು, ಕಾರಿನವರನ್ನು ನೋಡಿ ಜೀಪಿನವರು. ಕಾಂಕ್ರೀಟಿನಲ್ಲಿ ಬಾಗಿಲು ಕೊರೆಯಲು ಕೋಟಿ ಬೇಕು. ಡ್ರೈವರ್‌ಗೆ ಹೇಳಿಕೊಡಲು ಒಂದು ಮಧ್ಯಾಹ್ನ ಸಾಕು, ಜೊತೆಗೆ ಚಹಾ, ಮಿರ್ಚಿ ಭಜಿ.

ಮೈಕಿನ ವಿಷಯ ಇನ್ನೂ ಸೇರಿಸಿಲ್ಲ. ನಮ್ಮ ಹೆದ್ದಾರಿಯಲ್ಲಿ ಒಂದು ಹೊತ್ತಿಗೆ ನಿಂತ ಗಾಡಿಗಳಲ್ಲಿ ಸೊಲ್ಲಾಪುರದವರು, ಹೈದರಾಬಾದಿನವರು, ನಾಂದೇಡಿನವರು ಎಲ್ಲ ಇರುತ್ತಾರೆ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು. ನಾಲ್ಕು ಭಾಷೆಯಲ್ಲಿ ಒಂದಾದ ಮೇಲೊಂದು ಕೂಗುವ ಹೊತ್ತಿಗೆ ಎಷ್ಟು ಸೆಕೆಂಡ್ ಹೋಗುತ್ತವೆ? ಸುರಂಗದಲ್ಲಿ ದನಿ ಬೇರೆ ಗುಂಯ್ ಅನ್ನುತ್ತದೆ. ಬಾಗಿಲ ಮೇಲೆ ಮಿಣುಕುವ ಹಸಿರು ದೀಪ ಇಟ್ಟರೆ ಜನ ಅತ್ತ ಹೋಗುತ್ತಾರೆ ಅಂತ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಜನರನ್ನೇ ನಡೆಸಿ ನೋಡಿದ್ದಾರೆ. ದೀಪಕ್ಕೆ ಭಾಷೆ ಬೇಡ. ಅದನ್ನು ಮುಂದಿನ ತಿಂಗಳು ಹಾಕಬೇಕು.

ಸದ್ಯಕ್ಕೆ ಬೇರೆಯೇ ಒಂದು ತೊಡಕು ಇದೆ. ಪ್ರತಿ ಸಲ ಓಡಿಸಿದಾಗಲೂ ಕೊನೆಗೆ ಎರಡೋ ನಾಲ್ಕೋ ಆಮೆ ಬಸ್ಸಿನಲ್ಲೇ ಉಳಿಯುತ್ತವೆ. ಬೆಂಕಿ ಬರುತ್ತದೆ, ಹೊಗೆ ಬರುತ್ತದೆ, ಅಲ್ಲಾಡುವುದಿಲ್ಲ. ಎರಡು ರಾತ್ರಿ ಕೂತು ಹುಡುಕಿದೆ. ನಿಯಮ ಬರೆಯುವಾಗ ತಪ್ಪಾಗಿದೆ: ಜೊತೆಯವರು ಎದ್ದರೆ ನಾನು ಏಳುತ್ತೇನೆ ಅಂತ ಇಬ್ಬರಿಗೂ ಬರೆದಿದ್ದೇನೆ. ಇವಳು ಏಳಲಿ ಅಂತ ಅವನು, ಅವನು ಏಳಲಿ ಅಂತ ಇವಳು. ಒಂದು ಸಾಲು ತಿದ್ದಿದರೆ ಸರಿಹೋಗುತ್ತದೆ.

ಅಪ್ಪ ತಿದ್ದಬೇಡ ಅಂತಿದ್ದಾರೆ. ಮೊದಲು ಕಂಡಕ್ಟರ್‌ನ ಹಾಕು, ಅವನು ಹಿಂದಿನಿಂದ ಬಂದು ಎಬ್ಬಿಸ್ತಾನೋ ಇಲ್ಲವೋ ನೋಡೋಣ ಅಂತ. ಹಾಕಿದರೆ ಅವನ ಚೀಲದಲ್ಲಿ ಚಿಲ್ಲರೆ ಇರಲಿ ಅಂತಲೂ ಹೇಳಿದ್ದಾರೆ.